ಚುಕ್ಕಿ ನೋಡಿ ಜಾಗ ಹೇಳೋದು: ಕೋಲಾ, ಪೋಸ್ಟ್‌ಕಾರ್ಡಾ, ಸೆಕ್ಸ್ಟಂಟಾ?

ಹೋದ ಬೇಸಿಗೆಯಲ್ಲಿ ಮೂರು ಜನ, ಬೇರೆ ಬೇರೆ ದಿನ, ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಬ್ಬ ರಾಯಚೂರಿನ ಪಿಯುಸಿ ಹುಡುಗ. ಮರ್ಚೆಂಟ್ ನೇವಿ ಸೇರಬೇಕು ಅಂತ ಆಸೆ. ಇನ್ನೊಬ್ಬರು ಕೊಪ್ಪಳ ಕಡೆಯ ಹಳ್ಳಿ ಶಾಲೆಯ ವಿಜ್ಞಾನದ ಮೇಡಂ. ಕ್ಲಾಸಿನಲ್ಲಿ ನಲವತ್ತು ಮಕ್ಕಳು, ಕೈಯಲ್ಲಿ ಕಾಸಿಲ್ಲ. ಮೂರನೆಯವರು ಬಳ್ಳಾರಿಯ ನಮ್ಮ ಓಣಿಯವರೇ. ಸಂಡೂರಿನ ಗುಡ್ಡ ಅಲೆಯುವ ಚಟ, ಮೊಬೈಲ್ ಸತ್ತರೆ ದಾರಿ ಹೇಗೆ ಹಿಡಿಯೋದು ಅನ್ನುವ ಚಿಂತೆ. ಪ್ರಶ್ನೆ ಇಷ್ಟೇ: ಸೂರ್ಯ, ಚುಕ್ಕಿ ನೋಡಿ ನಾವಿರುವ ಜಾಗ ಕಂಡುಹಿಡಿಯೋದನ್ನು ಕಲೀಬೇಕು, ಯಾವುದರಿಂದ ಶುರು ಮಾಡಲಿ?

ಮೂವರಿಗೂ ಬೇರೆ ಬೇರೆ ಉತ್ತರ ಹೇಳಿದೆ. ಯಾಕೆ ಅಂತ ಇಲ್ಲಿ ಬರೀತೀನಿ. ನೀವು ಈ ಮೂವರಲ್ಲಿ ಯಾರ ಹಾಗಿದ್ದೀರಿ ಅಂತ ನೋಡಿಕೊಳ್ಳಿ.

ಮೊದಲು ಇದರ ಒಳಗುಟ್ಟು. ಹಂಪಿಯ ವಿರೂಪಾಕ್ಷ ಗೋಪುರದ ಬುಡದಲ್ಲಿ ನಿಂತರೆ ತುದಿ ನೋಡಲು ಕತ್ತು ಮುರಿಯುವಷ್ಟು ಎತ್ತಬೇಕು. ಬಜಾರದ ಆ ತುದಿಗೆ ಹೋದರೆ ಕತ್ತು ಎತ್ತೋದೇ ಬೇಡ. ಅಂದರೆ ಎಷ್ಟು ಕತ್ತು ಎತ್ತಿದೆ ಅನ್ನೋದರಿಂದ ಗೋಪುರ ಎಷ್ಟು ದೂರ ಅಂತ ಹೇಳಬಹುದು. ಸೂರ್ಯ, ಚುಕ್ಕಿಗಳದ್ದೂ ಹಾಗೇ. ಯಾವ ಗಳಿಗೆಯಲ್ಲೂ ಪ್ರತಿ ಚುಕ್ಕಿ ಭೂಮಿಯ ಯಾವುದೋ ಒಂದು ಜಾಗದ ನೆತ್ತಿಯ ಮೇಲಿರುತ್ತದೆ. ನಮಗೆ ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಕಾಣುತ್ತದೆ ಅಂತ ಅಳೆದರೆ, ಆ ಜಾಗದಿಂದ ನಾವೆಷ್ಟು ದೂರ ಅಂತ ಗೊತ್ತಾಗುತ್ತದೆ. ನೆತ್ತಿಯಿಂದ ಕೆಳಗಿಳಿದ ಒಂದೊಂದು ಡಿಗ್ರಿಗೂ 111 ಕಿಲೋಮೀಟರ್. ಒಂದು ಡಿಗ್ರಿಯ ಅರವತ್ತನೇ ಪಾಲಿಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಉಳಿದದ್ದೆಲ್ಲ ಲೆಕ್ಕ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದದ್ದು

ನಿಮಗೆ ಬೇಕಿರೋದು ದಿಕ್ಕಾ, ಅಕ್ಷಾಂಶವಾ, ರೇಖಾಂಶವಾ? ದಿಕ್ಕಿಗೆ ಏನೂ ಬೇಡ, ಕಣ್ಣು ಸಾಕು. ಅಕ್ಷಾಂಶಕ್ಕೆ ಕೋನ ಅಳೆಯುವ ಏನಾದರೂ ಬೇಕು. ರೇಖಾಂಶಕ್ಕೆ ಸರಿಯಾದ ಗಡಿಯಾರವೂ ಬೇಕು, ಏಕೆಂದರೆ ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಹದಿನೆಂಟನೇ ಶತಮಾನದ ತನಕ ಹಡಗಿನವರು ರೇಖಾಂಶ ಸಿಗದೆ ಒದ್ದಾಡಿದ್ದು ಇದಕ್ಕೇ. ಜಾನ್ ಹ್ಯಾರಿಸನ್ ಸಮುದ್ರದಲ್ಲೂ ಹೊತ್ತು ತಪ್ಪದ ಗಡಿಯಾರ ಮಾಡಿದ ಮೇಲೆ ಅವರ ಕಷ್ಟ ತೀರಿತು. ನಮ್ಮ ಜೇಬಿನ ಫೋನು ಅದಕ್ಕಿಂತ ಎಷ್ಟೋ ಸರಿಯಾದ ಗಡಿಯಾರ. ಹಾಗಾಗಿ ಅದರ ಚಿಂತೆ ನಮಗಿಲ್ಲ.

ಎರಡನೆಯದು ದುಡ್ಡು. ಮೂರನೆಯದು ನಿಮ್ಮ ಊರಿನ ಆಕಾಶ. ಇದನ್ನು ಯಾರೂ ಕೇಳಿಕೊಳ್ಳೋದಿಲ್ಲ, ಆದರೆ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು.

ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಮ್ಮಿ ಅಷ್ಟೇ ನಿಮ್ಮ ಅಕ್ಷಾಂಶ. ಬಳ್ಳಾರಿ 15.15 ಡಿಗ್ರಿ, ಕೊಪ್ಪಳ 15.35, ರಾಯಚೂರು 16.2. ಅಂದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಧ್ರುವ ಒಂದೂವರೆ ಮುಷ್ಟಿ ಎತ್ತರದಲ್ಲಿ, ನೆಲಕ್ಕೆ ಅಂಟಿಕೊಂಡ ಹಾಗೆ ಇರುತ್ತದೆ. ಲಂಡನ್ನಿನವರಿಗೆ ಅದು 51 ಡಿಗ್ರಿ ಮೇಲೆ. ಈ ವಿದ್ಯೆಯ ಪುಸ್ತಕಗಳೆಲ್ಲ ಅಲ್ಲಿನವರು ಬರೆದದ್ದು, ಅದಕ್ಕೇ 'ಮೊದಲು ಧ್ರುವ ನೋಡಿ' ಅಂತ ಶುರು ಮಾಡುತ್ತವೆ. ಇಲ್ಲಿ ಮೊದಲು ನೋಡಬೇಕಾದದ್ದು ನಿಮ್ಮ ಮಾಳಿಗೆಯ ಉತ್ತರಕ್ಕೆ ಏನಿದೆ ಅಂತ. ಪಕ್ಕದ ಮನೆ ಮೂರಂತಸ್ತು ಇದ್ದರೆ ಕಥೆ ಮುಗಿಯಿತು. ಆನೆಗುಂದಿ ಕಡೆಯವರಿಗೆ ಬಂಡೆಗುಡ್ಡಗಳು ಅಡ್ಡ. ರಾಯಚೂರು ಪಟ್ಟಣದವರಿಗೆ ಉತ್ತರಕ್ಕೇ ಶಕ್ತಿನಗರದ ಬೆಳಕು. ಸಿರುಗುಪ್ಪ, ಸಿಂಧನೂರು ಕಡೆಯವರು ಪುಣ್ಯವಂತರು. ಕಣ್ಣು ಹಾಯುವಷ್ಟು ದೂರ ಗದ್ದೆ, ಸಪಾಟು ದಿಗಂತ.

ನಾಲ್ಕನೆಯದು ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ. ಆ ನಾಲ್ಕು ತಿಂಗಳು ಲೆಕ್ಕ ಕಲಿಯಿರಿ, ಸಲಕರಣೆ ಕೊಳ್ಳಬೇಡಿ.

ಬರಿಗಣ್ಣು

ಖರ್ಚು ಸೊನ್ನೆ. ಸಿಗೋದು ದಿಕ್ಕು ಮಾತ್ರ, ಆದರೆ ಅದು ಸಣ್ಣದಲ್ಲ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ ಒಂದು ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಅಷ್ಟೇ ಬರುತ್ತದೆ.

ಏಪ್ರಿಲ್ ಸಂಜೆಗೆ ಸಪ್ತರ್ಷಿ ಮಂಡಲ ಮೇಲೆ ಬಂದಿರುತ್ತದೆ. ಅದರ ಅಂಚಿನ ಎರಡು ಚುಕ್ಕಿ ಪುಲಹ, ಕ್ರತು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದನ್ನು ಐದು ಪಟ್ಟು ಮುಂದಕ್ಕೆ ಎಳೆದರೆ ಧ್ರುವ. ನವೆಂಬರ್ ಸಂಜೆ ಸಪ್ತರ್ಷಿ ನಮಗೆ ಮುಳುಗಿರುತ್ತದೆ. ಆಗ ಡಬ್ಲ್ಯೂ ಆಕಾರದ ಕ್ಯಾಸಿಯೋಪಿಯ ಹಿಡಿದು ಹುಡುಕಬೇಕು.

ಧ್ರುವ ಕಾಣದಿದ್ದರೂ ಅಳಬೇಕಾಗಿಲ್ಲ. ನಮಗೆ ದಕ್ಷಿಣದ ಆಕಾಶ ಧಾರಾಳವಾಗಿ ಸಿಕ್ಕಿದೆ. ಫೆಬ್ರವರಿ ಎರಡನೇ ವಾರ ರಾತ್ರಿ ಒಂಬತ್ತೂವರೆ ಹೊತ್ತಿಗೆ ಅಗಸ್ತ್ಯ ನಕ್ಷತ್ರ ನೇರ ದಕ್ಷಿಣದಲ್ಲಿ, ಎರಡು ಮುಷ್ಟಿಗಿಂತ ತುಸು ಮೇಲೆ ಹೊಳೆಯುತ್ತಿರುತ್ತದೆ. ತಪ್ಪಿಸಿಕೊಳ್ಳೋಕೆ ಸಾಧ್ಯವೇ ಇಲ್ಲ, ಅಷ್ಟು ಬೆಳಕು. ಮೇ ನಡುವೆ ಅದೇ ಹೊತ್ತಿಗೆ ಸದರ್ನ್ ಕ್ರಾಸ್, ಅಂದರೆ ನಾಲ್ಕು ಚುಕ್ಕಿಯ ಶಿಲುಬೆ, ನೇರ ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತದೆ. ಮೇಲಿನ ಚುಕ್ಕಿ 18 ಡಿಗ್ರಿ, ಕೆಳಗಿನದ್ದು 12. ಲಂಡನ್ನಿನವರಿಗೆ ಇದು ಹುಟ್ಟಿದಾರಭ್ಯ ಕಾಣೋದೇ ಇಲ್ಲ. ಇನ್ನು ಮಹಾವ್ಯಾಧನ (ಒರಾಯನ್) ಸೊಂಟದ ಮೂರು ಚುಕ್ಕಿಗಳಲ್ಲಿ ಮೇಲಿನದ್ದು ಹೆಚ್ಚುಕಮ್ಮಿ ಸರಿಯಾಗಿ ಪೂರ್ವಕ್ಕೆ ಹುಟ್ಟಿ ಪಶ್ಚಿಮಕ್ಕೆ ಮುಳುಗುತ್ತದೆ.

ನಮ್ಮ ಓಣಿಯವರಿಗೆ ನಾನು ಹೇಳಿದ್ದು ಇದನ್ನೇ. ತಿಂಗಳಿಗೆ ಒಂದು ಚುಕ್ಕಿ ಗುರುತು ಮಾಡಿಕೊಳ್ಳಿ, ವರ್ಷಕ್ಕೆ ಹನ್ನೆರಡಾಗುತ್ತವೆ. ದಿಕ್ಸೂಚಿಯನ್ನೂ ಇಟ್ಟುಕೊಳ್ಳಿ, ಆದರೆ ಬೈಕಿನ ಪಕ್ಕ, ಕಬ್ಬಿಣದ ಗೇಟಿನ ಪಕ್ಕ ನಿಂತು ನೋಡಬೇಡಿ. ಸಿಮೆಂಟ್ ಸ್ಲ್ಯಾಬಿನೊಳಗಿನ ಸರಳಿಗೂ ಮುಳ್ಳು ಓಡಾಡುತ್ತದೆ. ಅಗಸ್ತ್ಯನಿಗೆ ಸರಳಿನ ಹಂಗಿಲ್ಲ.

ಕೋಲು ಮತ್ತು ನೆರಳು

ನನಗೆ ಇದರ ಮೇಲೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡ್ತೀನಿ.

ಕೋಲನ್ನು ನಮ್ಮ ಹಳಬರು ಶಂಕು ಅಂದರು. ಮನೆ ಕಟ್ಟುವಾಗ ಶಂಕುಸ್ಥಾಪನೆ ಅಂತೀವಲ್ಲ, ಆ ಶಂಕು ಗೂಟವೇ. ಗೂಟ ನೆಟ್ಟು, ಅದರ ಸುತ್ತ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದ ಮೇಲೆ ಬಂದಾಗ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ವೃತ್ತ ಮುಟ್ಟಿದಾಗ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ಅದಕ್ಕೆ ಲಂಬವಾಗಿ ಕೋಲಿನ ಬುಡದಿಂದ ಎಳೆದ ಗೆರೆ ಉತ್ತರ-ದಕ್ಷಿಣ. ನೆರಳು ಆ ಗೆರೆಯ ಮೇಲೆ ಬಿದ್ದ ಗಳಿಗೆಯೇ ನಿಮ್ಮೂರಿನ ನಿಜವಾದ ಮಧ್ಯಾಹ್ನ.

ಗಡಿಯಾರದ ಹನ್ನೆರಡಕ್ಕೆ ಅಳೆದರೆ ಕೆಟ್ಟಿತು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಬಳ್ಳಾರಿ ಅಲ್ಲಿಂದ ಐದೂವರೆ ಡಿಗ್ರಿ ಪಶ್ಚಿಮಕ್ಕಿದೆ, ಹಾಗಾಗಿ ಸರಾಸರಿ 22 ನಿಮಿಷ ತಡ. ಮೇಲಾಗಿ ಸೂರ್ಯ ವರ್ಷವಿಡೀ ಒಂದೇ ಹೊತ್ತಿಗೆ ಬರೋದಿಲ್ಲ. ಫೆಬ್ರವರಿ ನಡುವೆ ಬಳ್ಳಾರಿಯ ಮಧ್ಯಾಹ್ನ 12.36ಕ್ಕೆ, ನವೆಂಬರ್ ಮೊದಲ ವಾರದಲ್ಲಿ 12.06ಕ್ಕೆ. ಅರ್ಧ ಗಂಟೆ ವ್ಯತ್ಯಾಸ! ಇದೇ ಲೆಕ್ಕವನ್ನು ತಿರುಗಿಸಿ, ನಿಮ್ಮೂರಿನ ಮಧ್ಯಾಹ್ನ ಎಷ್ಟು ಹೊತ್ತಿಗೆ ಆಯಿತು ಅನ್ನೋದರಿಂದ ಶುರು ಮಾಡಿದರೆ ನಿಮ್ಮ ರೇಖಾಂಶ ಸಿಗುತ್ತದೆ. ಎರಡು ನಿಮಿಷ ತಪ್ಪಿದರೆ ನಮ್ಮ ಕಡೆ 54 ಕಿಲೋಮೀಟರ್ ತಪ್ಪು.

ಅಕ್ಷಾಂಶ ಇನ್ನೂ ಸುಲಭ. ಒಂದು ಮೀಟರ್ ಕೋಲು ತಗೊಳ್ಳಿ. ಮಾರ್ಚ್ 21ರ ಆಸುಪಾಸು, ಅಥವಾ ಸೆಪ್ಟೆಂಬರ್ 23ರ ಆಸುಪಾಸು, ನಡುಮಧ್ಯಾಹ್ನ ಬಳ್ಳಾರಿಯಲ್ಲಿ ನೆರಳು 27 ಸೆಂಟಿಮೀಟರ್, ರಾಯಚೂರಿನಲ್ಲಿ 29. ಆ ಎರಡು ಸೆಂಟಿಮೀಟರೇ ಎರಡೂ ಊರಿನ ನಡುವೆ ದಕ್ಷಿಣೋತ್ತರವಾಗಿ ಇರುವ ನೂರಿಪ್ಪತ್ತು ಕಿಲೋಮೀಟರ್. ನೆರಳನ್ನು ಕೋಲಿನ ಉದ್ದದಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ತಿರುಗಿಸಿದರೆ (tan⁻¹ ಗುಂಡಿ) ಅಕ್ಷಾಂಶ. ಬೇರೆ ದಿನಗಳಲ್ಲಿ ಸೂರ್ಯ ಆ ದಿನ ಸಮಭಾಜಕದಿಂದ ಎಷ್ಟು ಡಿಗ್ರಿ ಸರಿದಿದ್ದಾನೆ ಅಂತ ಪಟ್ಟಿಯಲ್ಲಿ ನೋಡಿ ಕೂಡಿಸಬೇಕು ಅಥವಾ ಕಳೆಯಬೇಕು. ಡಿಸೆಂಬರ್ 22ಕ್ಕೆ ಅದೇ ನೆರಳು 80 ಸೆಂಟಿಮೀಟರ್ ಆಗಿರುತ್ತದೆ.

ಕೊರತೆ ಎರಡು. ನೆರಳಿನ ತುದಿ ಮಸುಕು, ಒಂದು ಸೆಂಟಿಮೀಟರ್ ತಪ್ಪಿದರೆ ಅರವತ್ತು ಕಿಲೋಮೀಟರ್ ಹೋಯಿತು. ಇನ್ನೊಂದು ನಮ್ಮ ಕಡೆಗೆ ಮಾತ್ರ ಸೇರಿದ್ದು. 'ಮಧ್ಯಾಹ್ನದ ನೆರಳು ಉತ್ತರ ತೋರಿಸುತ್ತದೆ' ಅಂತ ಪುಸ್ತಕದಲ್ಲಿರುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಇಲ್ಲಿ ಅದು ಸುಳ್ಳು. ಆಗ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ದಾಟುವ ದಿನ ಕೋಲಿಗೆ ನೆರಳೇ ಇರೋದಿಲ್ಲ. ಗುಡ್ಡ ಅಲೆಯುವವರು ಇದನ್ನು ಮರೆತರೆ ಮನೆಯ ಬದಲು ಎದುರು ದಿಕ್ಕಿಗೆ ನಡೀತಾರೆ.

ಕೋನಮಾಪಕ, ದಾರ, ನಟ್ಟು

ಕಂಪಾಸ್ ಬಾಕ್ಸಿನ ಕೋನಮಾಪಕದ ನೇರ ಅಂಚಿಗೆ ಎಳನೀರಿನ ಸ್ಟ್ರಾ ಅಂಟಿಸಿ. ನಡುವಿನ ತೂತಿಗೆ ದಾರ, ದಾರದ ತುದಿಗೆ ಒಂದು ನಟ್ಟು. ಸ್ಟ್ರಾದಲ್ಲಿ ಧ್ರುವ ಕಂಡಾಗ ದಾರ ಯಾವ ಗೆರೆ ಮೇಲಿದೆ ನೋಡಿ, ಅದನ್ನು 90ರಿಂದ ಕಳೆದರೆ ಎತ್ತರ. ದಿಗಂತ ಬೇಕೇ ಇಲ್ಲ, ನಟ್ಟೇ ನೆಲ ಯಾವುದು ಅಂತ ಹೇಳುತ್ತದೆ. ಇಪ್ಪತ್ತು ರೂಪಾಯಿ ದಾಟೋದಿಲ್ಲ.

ನಮ್ಮ ಅಕ್ಕನ ಮಗ ಮೊದಲ ಸಲ ಮಾಳಿಗೆಯಲ್ಲಿ ನೋಡಿದಾಗ, "ಮಾಮಾ, ಹತ್ತೊಂಬತ್ತು ಬಂತು ನೋಡು" ಅಂದ. ಹತ್ತೊಂಬತ್ತು ಅಂದರೆ ನಾವು ಮುಂಬೈ ಸಾಲಿನಲ್ಲಿದ್ದೀವಿ ಅಂತ ಅರ್ಥ, ನಾನೂರು ಕಿಲೋಮೀಟರ್ ಮೇಲೆ. ಟಾರ್ಚ್ ಹಾಕಿ ನೋಡಿದೆ. ದಾರ ಅಂಟುಪಟ್ಟಿಯ ಅಂಚಿಗೆ ಸಿಕ್ಕಿಕೊಂಡಿತ್ತು, ನಟ್ಟು ಸೊಟ್ಟಗೆ ತೂಗುತ್ತಿತ್ತು. ಬಿಡಿಸಿ, ಗಾಳಿಗೆ ಬೆನ್ನು ಕೊಟ್ಟು ಕೂತು ಹತ್ತು ಸಲ ನೋಡಿದೆವು. ಒಬ್ಬ ಸ್ಟ್ರಾದಲ್ಲಿ ನೋಡೋದು, ಇನ್ನೊಬ್ಬ ದಾರವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಓದೋದು. ಸರಾಸರಿ 15.5 ಬಂತು. ಇದಕ್ಕೆ ಇಬ್ಬರು ಬೇಕೇ ಬೇಕು, ಒಬ್ಬರೇ ಮಾಡೋಕೆ ಹೋದರೆ ಕತ್ತು ನೋವು ಗ್ಯಾರಂಟಿ.

ಧ್ರುವ ನಕ್ಷತ್ರ ಸರಿಯಾಗಿ ಭೂಮಿಯ ಉತ್ತರ ಧ್ರುವದ ಮೇಲಿಲ್ಲ, 0.6 ಡಿಗ್ರಿಯಷ್ಟು ಪಕ್ಕಕ್ಕಿದೆ. ಕ್ಯಾಸಿಯೋಪಿಯ ಅದರ ಮೇಲ್ಗಡೆ ಇದ್ದಾಗ ಅರ್ಧ ಡಿಗ್ರಿ ಜಾಸ್ತಿ ಬರುತ್ತದೆ, ಸಪ್ತರ್ಷಿ ಮೇಲಿದ್ದಾಗ ಸ್ವಲ್ಪ ಕಡಿಮೆ. ಇನ್ನೊಂದು ಮಾತು, ಮಕ್ಕಳಿಗೆ ಮೂರು ಸಲ ಹೇಳಿ: ಸ್ಟ್ರಾದಲ್ಲಿ ಸೂರ್ಯನನ್ನು ನೋಡಲೇಬಾರದು. ಸ್ಟ್ರಾದಿಂದ ಬರುವ ಬೆಳಕಿನ ಚುಕ್ಕೆ ಅಂಗೈ ಮೇಲೆ ಬೀಳುವ ಹಾಗೆ ಹಿಡಿಯಬೇಕು, ಅಷ್ಟೇ.

ಪೋಸ್ಟ್‌ಕಾರ್ಡು

ಇದು ಮೋಜಿಗೆ, ಆದರೆ ಬರೀ ಮೋಜಲ್ಲ. ಅರಬ್ಬಿ ಸಮುದ್ರದ ನಾವಿಕರು ಕಮಾಲ್ ಅಂತ ಒಂದು ಪುಟ್ಟ ಹಲಗೆ ಇಟ್ಟುಕೊಂಡಿರುತ್ತಿದ್ದರು. ನಡುವೆ ತೂತು, ಅದಕ್ಕೊಂದು ದಾರ, ದಾರದಲ್ಲಿ ಗಂಟುಗಳು. ಒಂದೊಂದು ಗಂಟು ಒಂದೊಂದು ಬಂದರು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವ ತನಕ ಹಲಗೆ ಮುಂದೆ ಹಿಡಿದರೆ, ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವಕ್ಕೂ ತಾಗಬೇಕು. ತಾಗಿದರೆ ಆ ಬಂದರಿನ ಸಾಲಿಗೆ ಬಂದಿರಿ ಅಂತ ಅರ್ಥ. ಇನ್ನು ಪೂರ್ವಕ್ಕೋ ಪಶ್ಚಿಮಕ್ಕೋ ನೇರ ಹೋದರೆ ಆಯಿತು.

ನಮ್ಮ ಅಂಚೆಯ ಪೋಸ್ಟ್‌ಕಾರ್ಡು 14 ಸೆಂಟಿಮೀಟರ್ ಉದ್ದ. ರಟ್ಟಿಗೆ ಅಂಟಿಸಿ, ನಿಲ್ಲಿಸಿ ಹಿಡಿಯುವ ಹಾಗೆ ನಡುವೆ ದಾರ ಹಾಕಿ. 52ರಿಂದ 53 ಸೆಂಟಿಮೀಟರಿಗೆ ಒಂದು ಗಂಟು: ಅದು ಬಳ್ಳಾರಿ. 49ಕ್ಕೆ ಇನ್ನೊಂದು: ರಾಯಚೂರು. ಜೋಳದ ಕೊಯ್ಲು ಮುಗಿದ ಎರೆ ಹೊಲದಲ್ಲಿ, ನಸುಬೆಳಕು ಇನ್ನೂ ಇರುವಾಗ ನಿಂತು ನೋಡಿ. ಕತ್ತಲಾದರೆ ದಿಗಂತ ಕಾಣೋದಿಲ್ಲ, ಬೆಳಕಿದ್ದರೆ ಚುಕ್ಕಿ ಕಾಣೋದಿಲ್ಲ. ಹಡಗಿನವರು ಇವತ್ತಿಗೂ ಚುಕ್ಕಿ ಅಳೆಯೋದು ಆ ಇಪ್ಪತ್ತು ಮೂವತ್ತು ನಿಮಿಷದ ಮುಸ್ಸಂಜೆಯಲ್ಲೇ. ಅದು ಯಾಕೆ ಅಂತ ಪೋಸ್ಟ್‌ಕಾರ್ಡು ಕಲಿಸುತ್ತದೆ, ಆ್ಯಪ್ ಕಲಿಸೋದಿಲ್ಲ. ದಿಗಂತವೇ ಕಾಣದ ಪಟ್ಟಣದವರು ಇದನ್ನು ಬಿಟ್ಟುಬಿಡಿ, ಸುಮ್ನೆ ಬೇಜಾರು.

ಸೆಕ್ಸ್ಟಂಟ್

ಸೆಕ್ಸ್ಟಂಟ್ ಅಂದರೆ ಹಡಗಿನವರು ಸೂರ್ಯ, ಚುಕ್ಕಿಯ ಎತ್ತರ ಅಳೆಯುವ ಸಲಕರಣೆ. ಹೆಚ್ಚಿನವರ ಕಣ್ಣು ಇದರ ಮೇಲೇ ಇರುತ್ತದೆ, ನನ್ನದೂ ಇತ್ತು. ಪ್ಲಾಸ್ಟಿಕ್ಕಿನದ್ದಕ್ಕೆ ಸಾವಿರಗಳಲ್ಲಿ, ಲೋಹದ್ದಕ್ಕೆ ಹತ್ತಾರು ಸಾವಿರಗಳಲ್ಲಿ ಬೆಲೆ. ಷೋಕೇಸಿಗೆ ಅಂತ ಮಾರುವ ಹಿತ್ತಾಳೆಯದ್ದು ಅಗ್ಗ, ಆದರೆ ಅದು ಅಳೆಯೋಕಲ್ಲ, ಧೂಳು ಒರೆಸೋಕೆ. ಅದರಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋದೀತು.

ಸೆಕ್ಸ್ಟಂಟಿನ ಜಾಣ್ಮೆ ಇರೋದು ಎರಡು ಕನ್ನಡಿಯಲ್ಲಿ. 1731ರಲ್ಲಿ ಜಾನ್ ಹ್ಯಾಡ್ಲಿ ತೋರಿಸಿದ ಉಪಾಯ. ಸೂರ್ಯನನ್ನು ಕನ್ನಡಿಯಲ್ಲಿ ಇಳಿಸಿ ತಂದು ದಿಗಂತದ ಮೇಲೆ ಕೂರಿಸಿದರೆ, ಹಡಗು ಎಷ್ಟೇ ಹೊಯ್ದಾಡಲಿ, ಎರಡೂ ಒಟ್ಟಿಗೆ ಅಲ್ಲಾಡುತ್ತವೆ, ಬೇರೆಯಾಗೋದಿಲ್ಲ. ದಾರ-ನಟ್ಟು ಹಡಗಿನಲ್ಲಿ ನಡೆಯೋದಿಲ್ಲ, ಇದು ನಡೆಯುತ್ತದೆ. ಆದರೆ ಯೋಚನೆ ಮಾಡಿ, ಬಳ್ಳಾರಿಯ ಮಾಳಿಗೆ ಹೊಯ್ದಾಡುತ್ತದಾ? ನೀವು ದುಡ್ಡು ಕೊಟ್ಟ ದೊಡ್ಡ ಗುಣವೇ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಅದಕ್ಕೆ ಬೇಕಾದ ಸಮುದ್ರದ ದಿಗಂತ ನಮ್ಮಲ್ಲಿಲ್ಲ.

ದಿಗಂತ ಇಲ್ಲದವರಿಗೆ ಒಂದು ಹಳೇ ದಾರಿ ಇದೆ. ತಟ್ಟೆಯಲ್ಲಿ ಎಂಜಿನ್ ಆಯಿಲ್ಲೋ ಕಾಕಂಬಿಯೋ ಸುರಿದು, ಅದರಲ್ಲಿ ಕಾಣುವ ಸೂರ್ಯನ ಮೇಲೆ ಕನ್ನಡಿಯ ಸೂರ್ಯನನ್ನು ಕೂರಿಸೋದು. ಆಗ ಬರುವ ಕೋನ ಎರಡರಷ್ಟು, ಅರ್ಧ ಮಾಡಬೇಕು. ಇಲ್ಲೂ ನಮ್ಮೂರು ಕೈಕೊಡುತ್ತದೆ. ಸೆಕ್ಸ್ಟಂಟ್ ಅಳೆಯೋದು ಹೆಚ್ಚೆಂದರೆ 120, 130 ಡಿಗ್ರಿ. ಅಂದರೆ ಸೂರ್ಯ 60ಕ್ಕಿಂತ ತುಂಬ ಮೇಲೆ ಹೋದರೆ ತಟ್ಟೆ ಉಪಾಯ ನಿಂತಿತು. ನಮ್ಮಲ್ಲಿ ಮಧ್ಯಾಹ್ನದ ಸೂರ್ಯ 60ಕ್ಕಿಂತ ಕೆಳಗಿರೋದು ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದ ತನಕ ಮಾತ್ರ. ವರ್ಷದ ಉಳಿದ ಒಂಬತ್ತು ತಿಂಗಳು ಮಧ್ಯಾಹ್ನದ ಅಳತೆ ಕಷ್ಟ, ಬೆಳಿಗ್ಗೆ ಸಂಜೆ ಅಳೆದು ಉದ್ದನೆಯ ಲೆಕ್ಕ ಮಾಡಬೇಕು. ಧ್ರುವ ನೋಡೋಣ ಅಂದರೆ ಅದು ತೀರಾ ಕೆಳಗೆ, ತಟ್ಟೆಯ ಅಂಚೇ ಅಡ್ಡ ಬರುತ್ತದೆ.

ಪ್ಲಾಸ್ಟಿಕ್ಕಿನದ್ದಕ್ಕೆ ಇನ್ನೊಂದು ರೋಗ. ಬಿಸಿಲಿಗೆ ಹಿಗ್ಗುತ್ತದೆ, ಸೊನ್ನೆಯ ಗುರುತು ಜರುಗುತ್ತದೆ. ನಮ್ಮ ಬಿಸಿಲು ಗೊತ್ತಲ್ಲ. ಪ್ರತಿ ಅಳತೆಗೂ ಮುಂಚೆ ಮತ್ತು ಆಮೇಲೆ ಸೊನ್ನೆ ಎಲ್ಲಿದೆ ಅಂತ ನೋಡಿ ಬರೆದುಕೊಳ್ಳಬೇಕು. ನಾನು ಒಂದು ಡಿಸೆಂಬರ್ ಮಧ್ಯಾಹ್ನ ಅದನ್ನು ಮರೆತೆ. ಡಿಗ್ರಿಯ ಮೂರನೇ ಒಂದು ಪಾಲು ತಪ್ಪು, ಅರ್ಧ ಮಾಡಿದ ಮೇಲೂ ಮನೆ ಹದಿನೆಂಟು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೂತಿತ್ತು. ಆದರೂ ಒಪ್ಪಬೇಕು: ಎಲ್ಲ ಸರಿ ಮಾಡಿದ ದಿನ ಮೂರ್ನಾಲ್ಕು ಕಿಲೋಮೀಟರಿನೊಳಗೆ ಬಂತು. ಕೋಲಿಗೆ, ಕೋನಮಾಪಕಕ್ಕೆ ಅದು ಕನಸು.

ಇದರ ಜೊತೆ ಹಡಗಿನವರ ಪಂಚಾಂಗ ಬೇಕು, ನಾಟಿಕಲ್ ಅಲ್ಮನ್ಯಾಕ್. ಸೂರ್ಯ, ಚಂದ್ರ, ನಾಲ್ಕು ಗ್ರಹ, 57 ಚುಕ್ಕಿ ಯಾವ ಹೊತ್ತಿಗೆ ಯಾವ ಜಾಗದ ನೆತ್ತಿಯ ಮೇಲೆ ಅಂತ ಅದರಲ್ಲಿರುತ್ತದೆ. ಕೊಂಡವರಲ್ಲಿ ಅರ್ಧ ಜನ ನಿಲ್ಲೋದು ಇಲ್ಲೇ, ಲೆಕ್ಕಕ್ಕೆ ಹೆದರಿ.

ರಾಯಚೂರಿನ ಹುಡುಗನಿಗೆ ನಾನು ಕೊಳ್ಳಬೇಡ ಅಂದೆ. ಹಡಗಿನ ಅಧಿಕಾರಿಗಳಿಗೆ ಚುಕ್ಕಿಯ ಲೆಕ್ಕ ಇವತ್ತಿಗೂ ಕಡ್ಡಾಯ, ತರಬೇತಿಯಲ್ಲಿ ಒಳ್ಳೇ ಸಲಕರಣೆಯನ್ನೇ ಕೈಗೆ ಕೊಟ್ಟು ಕಲಿಸುತ್ತಾರೆ. ಅವನಿಗೆ ಈಗ ಬೇಕಾದದ್ದು ತ್ರಿಕೋನಮಿತಿ, ಡಿಗ್ರಿ-ನಿಮಿಷದ ಕೂಡು ಕಳೆ, ಮತ್ತು ಆ 57ರಲ್ಲಿ ಒಂದು ಮೂವತ್ತನ್ನಾದರೂ ಕಂಡ ಕೂಡಲೇ ಹೆಸರಿಡುವ ಕಣ್ಣು.

ಮೊಬೈಲ್ ಆ್ಯಪ್

ಸ್ಟೆಲೇರಿಯಂ ಥರದ್ದು ಪುಕ್ಕಟೆ ಸಿಗುತ್ತದೆ. ಹೆಸರು ಕಲಿಯೋಕೆ ಅದಕ್ಕಿಂತ ಒಳ್ಳೇ ಮೇಷ್ಟ್ರಿಲ್ಲ. ಆದರೆ ಅದು ಜಾಗವನ್ನು ಉಪಗ್ರಹದಿಂದ ಮೊದಲೇ ತಿಳಿದುಕೊಂಡು ಆಮೇಲೆ ಆಕಾಶ ತೋರಿಸುತ್ತದೆ. ನಮಗೆ ಬೇಕಿರೋದು ಅದರ ತಿರುಗುಮುರುಗು. ಗಣಿತದ ಗೈಡಿನ ಕೊನೇ ಪುಟ ನೋಡಿ ಉತ್ತರ ಬರೆದ ಹಾಗೆ, ಉತ್ತರವೂ ಸಿಗುತ್ತದೆ, ಉತ್ತರ ದಿಕ್ಕೂ ಸಿಗುತ್ತದೆ, ಲೆಕ್ಕ ಮಾತ್ರ ಬರೋದಿಲ್ಲ. ಅಳೆದು ಮುಗಿಸಿ, ಕಾಗದದಲ್ಲಿ ಬರೆದ ಮೇಲೆ ತಾಳೆ ನೋಡೋಕೆ ತೆಗೆಯಿರಿ.

ಕೊಪ್ಪಳದ ಮೇಡಂಗೆ ಕೊನೆಗೆ ಹೇಳಿದ್ದು ಕೋಲು. ರಾತ್ರಿ ಮಕ್ಕಳನ್ನು ಶಾಲೆಗೆ ಕರೆಸೋಕಾಗಲ್ಲ, ಮಧ್ಯಾಹ್ನದ ಬಿಸಿಲು ಪುಕ್ಕಟೆ. ಸೆಪ್ಟೆಂಬರಿನಲ್ಲಿ ಮೋಡ ಇದ್ದರೆ ಮಾರ್ಚ್ 21 ಇದೆ. ರಾಯಚೂರಿನ ಕಡೆ ಪರಿಚಯದ ಮೇಷ್ಟ್ರು ಯಾರಾದರೂ ಇದ್ದರೆ ಅವರಿಗೂ ಒಂದು ಮೀಟರ್ ಕೋಲು ನೆಡಲು ಹೇಳಿ, ಎರಡೂ ನೆರಳನ್ನು ಫೋನಿನಲ್ಲಿ ಹೋಲಿಸಿ ಅಂದೆ. "ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಮಕ್ಕಳು ಹಿಡೀತಾರಾ ಸರ್?" ಅಂತ ಕೇಳಿದರು. ಹಿಡೀತಾರೆ, ಆದರೆ ಕೋಲು ನೆಟ್ಟಗಿರಬೇಕು. ಊರಿನ ಗೌಂಡಿಯ ಹತ್ತಿರ ಒಂದು ಮಧ್ಯಾಹ್ನದ ಮಟ್ಟಿಗೆ ತೂಕದ ಗುಂಡು ಇಸ್ಕೊಂಡು ಬನ್ನಿ ಅಂದೆ.